ಬೆಂಚು ಒರೆಸಿದ್ದು ಸಾಕು, ಕಿಟಕಿ ತೆಗೆಸಿ

ಚಿಕ್ಕಬಳ್ಳಾಪುರ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಸಿಇಒ ಅವರಿಗೆ, ಜೊತೆಗೆ ನನ್ನ ಹಾಗೆ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ಕೂತಿರುವ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಶಿಡ್ಲಘಟ್ಟ ತಾಲ್ಲೂಕಿನವಳು, ರೇಷ್ಮೆ ಬೆಳೆಗಾರಳು. ಬಿ.ಎಸ್‌ಸಿ. ಓದಿದ್ದೆ. ಮದುವೆಯಾಗಿ ಬಂದ ಮೇಲೆ ಹುಳು ಮನೆಯೇ ನನ್ನ ಲ್ಯಾಬು. ಡಾಕ್ಟರಲ್ಲ, ಯಾವ ಪಕ್ಷದವಳೂ ಅಲ್ಲ. ಈ ಪತ್ರ ಬರೆಯಲು ಕಾರಣ ಒಂದು ಬಕೆಟ್ ಬ್ಲೀಚಿಂಗ್ ನೀರು.

ಸಂಕ್ರಾಂತಿ ಕಳೆದ ವಾರ ನಮ್ಮ ಕಡೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಕೆಮ್ಮು, ನೆಗಡಿ, ಜ್ವರ ಶುರುವಾಯಿತು. ಶಾಲೆಯ ಹೆಸರು ಬೇಡ. ಅಲ್ಲಿನ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿಲ್ಲ, ಅವರು ಮಕ್ಕಳ ಒಳ್ಳೆಯದಕ್ಕೇ ಮಾಡಿದ್ದು. ದಿನಾ ಬೆಳಿಗ್ಗೆ ಬೆಂಚು, ಬಾಗಿಲ ಚಿಲಕ, ಕಿಟಕಿ ಸರಳು, ಕೊನೆಗೆ ಗ್ಲೋಬಿನ ತನಕ ಬ್ಲೀಚಿಂಗ್ ನೀರಿನಲ್ಲಿ ಒರೆಸಿದರು. ಪ್ರತಿ ಮಗುವೂ ಒಂದು ಸ್ಯಾನಿಟೈಜರ್ ಬಾಟಲಿ ತರಬೇಕು ಅಂದರು. ಚಳಿಗಾಳಿ ಬೀಸುತ್ತದೆ ಅಂತ ಕಿಟಕಿಗಳನ್ನು ಮಾತ್ರ ಭದ್ರವಾಗಿ ಮುಚ್ಚಿದರು.

ಮೂರನೇ ದಿನ ನನ್ನ ಮಗ ಕಣ್ಣು ಕೆಂಪು ಮಾಡಿಕೊಂಡು ಬಂದ. ಮಾರನೇ ದಿನ ನಾನೇ ಹೋಗಿ ನೋಡಿದೆ. ಒಂದು ಕೋಣೆಯಲ್ಲಿ ಹತ್ತಿರ ಹತ್ತಿರ ನಲವತ್ತು ಮಕ್ಕಳು. ಒಡೆದ ಗಾಜಿನ ಜಾಗಕ್ಕೆ ಪೇಪರ್ ಅಂಟಿಸಿದ್ದಾರೆ. ಬೆಂಚು ಫಳಫಳ ಅನ್ನುತ್ತಿದೆ. ಒಳಗೆ ಕಾಲಿಟ್ಟರೆ ಮಾತ್ರ ಉಸಿರು ಕಟ್ಟುತ್ತದೆ. ಮುಂದಿನ ವಾರಕ್ಕೆ ಅರ್ಧ ಕ್ಲಾಸು ಖಾಲಿ.

"ಎಷ್ಟು ಒರೆಸಿದ್ರೂ ಹೋಗ್ತಾ ಇಲ್ಲ ಕಣಮ್ಮ, ಇನ್ನೂ ಸ್ಟ್ರಾಂಗ್ ಹಾಕ್ಬೇಕು," ಅಂದರು ಎಚ್‌ಎಂ ಮೇಡಂ. ಸಭೆಯಲ್ಲಿ ಒಬ್ಬರು ಪವರ್ ಸ್ಪ್ರೇಯರ್ ಕೊಳ್ಳೋಣ ಅಂದರು. ಮನೆಗೆ ಬಂದರೂ ಆ ಮಾತು ತಲೆಯಿಂದ ಇಳಿಯಲಿಲ್ಲ.

ಬ್ಲೀಚಿಂಗ್ ಪೌಡರ್ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪ್ರತಿ ಬೆಳೆ ಮುಗಿದ ಮೇಲೂ, ಚಾಕಿ ಹುಳು (ಎಳೆಯ ರೇಷ್ಮೆ ಹುಳು) ತರುವ ಮೊದಲೂ ನಮ್ಮ ಹುಳು ಮನೆಯನ್ನು ತೊಳೆಯುತ್ತೇವೆ. ಶೇ 2ರ ಬ್ಲೀಚಿಂಗ್ ಪೌಡರ್, ಅದಕ್ಕೆ ಶೇ 0.3ರಷ್ಟು ಸುಣ್ಣ. ನೆಲ, ಗೋಡೆ, ಸ್ಟ್ಯಾಂಡು, ಹುಳು ಗೂಡು ಕಟ್ಟುವ ಚಂದ್ರಿಕೆ, ಸೊಪ್ಪಿನ ಬುಟ್ಟಿ, ಒಂದನ್ನೂ ಬಿಡುವುದಿಲ್ಲ. ಬಾಗಿಲಲ್ಲಿ ಸುಣ್ಣದ ಪುಡಿ ಹರಡಿರುತ್ತದೆ. ಕೈಕಾಲು ತೊಳೆಯದೆ ಒಳಗೆ ಬಂದರೆ ನಮ್ಮತ್ತೆ ನೆಂಟರ ಮುಖವನ್ನೂ ನೋಡುವುದಿಲ್ಲ, ಆಚೆ ಕಳಿಸುತ್ತಾರೆ. ಒಮ್ಮೆ ಹಾಗೆ ಬಂದ ಸ್ವಂತ ತಮ್ಮನನ್ನೇ ಅಂಗಳದಲ್ಲಿ ಕೂರಿಸಿ ಕಾಫಿ ಕೊಟ್ಟಿದ್ದರು.

ಹುಳುವಿನ ವಿಷಯದಲ್ಲಿ ನಮ್ಮತ್ತೆ ಮಾಡುವುದು ನೂರಕ್ಕೆ ನೂರು ಸರಿ. ಹಾಲುತೊಂಡೆ ರೋಗ ಬಂದ ಮನೆಯನ್ನು ನೋಡಿದವರಿಗೆ ಗೊತ್ತು. ಹುಳುವಿನ ಮೈ ಊದುತ್ತದೆ. ಅದು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಸುಮ್ನೆ ಸುತ್ತುತ್ತದೆ. ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಅದಕ್ಕೂ ಕಾರಣ ವೈರಸ್ಸೇ. ಆ ರಸ ಬಿದ್ದ ಸೊಪ್ಪು ತಿಂದ ಹುಳುವಿಗೆ ರೋಗ ಅಂಟುತ್ತದೆ. ಆ ವೈರಸ್ಸಿಗೆ ಒಂದು ಕವಚ ಇರುತ್ತದೆ, ಪ್ರೋಟೀನಿನ ಗಟ್ಟಿ ಹರಳು. ಅದರೊಳಗೆ ಕೂತು ತಟ್ಟೆಯ ಸಂದಿಯಲ್ಲಿ, ನೆಲದ ದೂಳಿನಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ರೇಷ್ಮೆ ಹುಳುವಿನ ಹೊಟ್ಟೆ ಕ್ಷಾರದ ಹೊಟ್ಟೆ. ಅಲ್ಲಿಗೆ ಹೋದ ಕೂಡಲೇ ಹರಳು ಕರಗಿ ವೈರಸ್ ಆಚೆ ಬರುತ್ತದೆ. ನಾವು ಬ್ಲೀಚಿಂಗಿಗೆ ಸುಣ್ಣ ಸೇರಿಸುವುದೂ ಇದಕ್ಕೇ. ಸುಣ್ಣ ಆ ಕವಚವನ್ನು ಹೊಟ್ಟೆ ಸೇರುವ ಮೊದಲೇ ಕರಗಿಸಲಿ, ಒಳಗಿನದನ್ನು ಕ್ಲೋರಿನ್ ನೋಡಿಕೊಳ್ಳಲಿ ಅಂತ.

ಅಂದರೆ ಅದು ಬಾಯಿಂದ ಹೋಗುವ ರೋಗ. ವಸ್ತುವಿನ ಮೇಲೆ ಕಾಯುವುದಕ್ಕೆಂದೇ ತಯಾರಾದ ವೈರಸ್. ತಟ್ಟೆ ತೊಳೆದರೆ ಬೆಳೆ ಉಳಿಯುತ್ತದೆ.

ಮಕ್ಕಳ ನೆಗಡಿ, ಫ್ಲೂ, ಕೊರೊನಾ ಈ ಜಾತಿಯವಲ್ಲ. ಅವು ಮುಖ್ಯವಾಗಿ ಉಸಿರಿನಿಂದ ಉಸಿರಿಗೆ ಹೋಗುತ್ತವೆ. ಎಷ್ಟು ಶುದ್ಧವಾಗಿ ಬೆಂಚು ತೊಳೆದರೂ ಕೆಮ್ಮು ನಿಲ್ಲದಿರುವುದಕ್ಕೆ ಕಾರಣ ಬ್ಲೀಚಿಂಗ್ ಸ್ಟ್ರಾಂಗ್ ಇಲ್ಲದಿರುವುದಲ್ಲ. ಕಳ್ಳ ಹಿತ್ತಲಿನಿಂದ ಬರುತ್ತಿದ್ದಾನೆ, ನಾವು ಮುಂಬಾಗಿಲಿಗೆ ಎರಡು ಬೀಗ ಹಾಕುತ್ತಿದ್ದೇವೆ.

2020 ನಿಮಗೆ ನೆನಪಿರಬೇಕು. ಮಾರ್ಚ್‌ನಲ್ಲಿ ಗೌರಿಬಿದನೂರಿನಲ್ಲಿ ಕೊರೊನಾ ಕಾಣಿಸಿಕೊಂಡ ಸುದ್ದಿ ಬಂದಾಗ ಇಡೀ ಜಿಲ್ಲೆ ನಡುಗಿತ್ತು. ಹಾಲಿನ ಪ್ಯಾಕೆಟ್ ತೊಳೆದವರು ನಾವೇ. ನೋಟುಗಳನ್ನು ಇಸ್ತ್ರಿ ಮಾಡಿದವರೂ ನಾವೇ. ನಾನು ಕೊತ್ತಂಬರಿ ಸೊಪ್ಪನ್ನು ಸೋಪಿನ ನೀರಲ್ಲಿ ಅದ್ದಿ, ಆ ದಿನದ ಸಾರನ್ನು ಯಾರೂ ಉಣ್ಣದ ಹಾಗೆ ಮಾಡಿದ್ದೆ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಟ್ರ್ಯಾಕ್ಟರ್ ಬೀದಿಗೆ ಬಂದು ಗೋಡೆ, ಕಟ್ಟೆ, ಮಲಗಿದ್ದ ನಾಯಿ ಎಲ್ಲದರ ಮೇಲೂ ಔಷಧಿ ಸುರಿಸಿ ಹೋಯಿತು. ನಾವು ಬಾಗಿಲಲ್ಲಿ ನಿಂತು ಕೈ ಮುಗಿದೆವು.

ಆ ಭಯಕ್ಕೆ ಒಂದು ಕಾರಣವೂ ಇತ್ತು. ಅದೇ ಮಾರ್ಚ್‌ನಲ್ಲಿ ಅಮೆರಿಕದ ವಿಜ್ಞಾನಿಗಳ ಒಂದು ಪ್ರಯೋಗದ ಸುದ್ದಿ ಎಲ್ಲ ಟಿವಿಯಲ್ಲೂ ಬಂತು. ಕೊರೊನಾ ವೈರಸ್ ಪ್ಲಾಸ್ಟಿಕ್ ಮತ್ತು ಸ್ಟೀಲ್ ಮೇಲೆ 72 ಗಂಟೆಯವರೆಗೂ, ರಟ್ಟಿನ ಮೇಲೆ 24 ಗಂಟೆಯವರೆಗೂ ಸಿಕ್ಕಿತು ಅಂತ. ಸುದ್ದಿ ಸುಳ್ಳಲ್ಲ. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಮಾತಿತ್ತು. ಸ್ಟೀಲ್ ಮೇಲೆ ಸುಮಾರು ಐದೂವರೆ ಗಂಟೆಗೊಮ್ಮೆ, ಪ್ಲಾಸ್ಟಿಕ್ ಮೇಲೆ ಏಳು ಗಂಟೆಯ ಒಳಗೇ ವೈರಸ್ ಅರ್ಧಕ್ಕೆ ಇಳಿಯುತ್ತಿತ್ತು. ಮೂರನೇ ದಿನ ಸಿಕ್ಕಿದ್ದು ಅಳಿದುಳಿದ ಚೂರುಪಾರು. ಅದೇ ವೈರಸ್ಸನ್ನು ಗಾಳಿಯಲ್ಲಿ ತೇಲಿಬಿಟ್ಟಾಗ, ಪ್ರಯೋಗ ನಡೆದ ಮೂರು ಗಂಟೆಯೂ ಅದು ಬದುಕಿತ್ತು. ಆ ಮಾತು ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಆ ವರ್ಷ ಜುಲೈನಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಎಮಾನ್ಯುಯೆಲ್ ಗೋಲ್ಡ್‌ಮನ್ ಒಂದು ಚಿಕ್ಕ ಲೇಖನ ಬರೆದರು. ವಸ್ತುಗಳಿಂದ ಕೊರೊನಾ ಹರಡುತ್ತದೆ ಅನ್ನುವುದನ್ನು ತುಂಬಾ ಉಬ್ಬಿಸಲಾಗಿದೆ ಅನ್ನುವುದು ಅವರ ವಾದ. ಇಂಥ ಪ್ರಯೋಗಗಳಲ್ಲಿ ಅಂಗೈಗಿಂತ ಚಿಕ್ಕ ಜಾಗಕ್ಕೆ ಸಾವಿರಾರು, ಲಕ್ಷಾಂತರ, ಒಂದರಲ್ಲಂತೂ ಒಂದು ಕೋಟಿ ವೈರಸ್ ಕಣ ಸುರಿದಿದ್ದರು. ನಿಜವಾಗಿ ಕೆಮ್ಮಿದಾಗ ಆ ಜಾಗದಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು. ಕೊಡಗಟ್ಟಲೆ ಸುರಿದರೆ ಮೂರು ದಿನ ಒದ್ದೆ ಇರುತ್ತದೆ, ಒಂದು ಹನಿ ಬಿದ್ದರೆ ಗಳಿಗೆಯಲ್ಲಿ ಆರುತ್ತದೆ. ಇಷ್ಟೇ ವ್ಯತ್ಯಾಸ.

ಬೆಂಚಿನ ದಾರಿಯನ್ನು ಒಮ್ಮೆ ಹೆಜ್ಜೆ ಹೆಜ್ಜೆಯಾಗಿ ನೋಡಿ. ಒಂದು ಮಗು ಕೆಮ್ಮುತ್ತದೆ, ಹನಿ ಬೆಂಚಿನ ಮೇಲೆ ಬೀಳುತ್ತದೆ. ಅದು ಒಣಗುತ್ತಾ ಹೋದ ಹಾಗೆ ವೈರಸ್ ಸಾಯುತ್ತಾ ಬರುತ್ತದೆ. ಇನ್ನೊಂದು ಮಗು ಅದೇ ಜಾಗವನ್ನು ಮುಟ್ಟಬೇಕು. ಉಳಿದದ್ದರಲ್ಲಿ ಸ್ವಲ್ಪ ಮಾತ್ರ ಬೆರಳಿಗೆ ಬರುತ್ತದೆ. ಬೆರಳಿನ ಮೇಲೂ ಸ್ವಲ್ಪ ಸಾಯುತ್ತದೆ. ಫ್ಲೂ ವೈರಸ್ ಅಂತೂ ವಸ್ತುವಿನಿಂದ ಕೈಗೆ ಬಂದ ಮೇಲೆ ಬಾಳುವುದು ಸುಮಾರು ಐದೇ ನಿಮಿಷ. ಅಷ್ಟರೊಳಗೆ ಬೆರಳು ಮೂಗಿಗೋ ಕಣ್ಣಿಗೋ ಹೋಗಬೇಕು. ತೂತು ಬಿದ್ದ ಕೊಡದಲ್ಲಿ ಕೆರೆಯಿಂದ ನೀರು ಹೊತ್ತ ಹಾಗೆ. ಮನೆ ಮುಟ್ಟುವ ಹೊತ್ತಿಗೆ ತಳದಲ್ಲಿ ಎಷ್ಟು ಉಳಿದಿರುತ್ತದೆ?

ಗಾಳಿಯ ದಾರಿ ಹಾಗಲ್ಲ. ಅಡುಗೆ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ನೋಡಿ. ನಡುಮನೆಯಲ್ಲಿ ಟಿವಿ ನೋಡುತ್ತಿದ್ದವರು ಕೆಮ್ಮುತ್ತಾ ಎದ್ದು ಬರುತ್ತಾರೆ. ಅವರು ಬಾಣಲೆ ಮುಟ್ಟಿದ್ದರಾ? ಆಗ ನಾವು ಏನು ಮಾಡುತ್ತೇವೆ? ಸ್ಟೌ ಕಟ್ಟೆ ಒರೆಸುತ್ತೇವಾ, ಹಿತ್ತಲ ಬಾಗಿಲು ತೆಗೆಯುತ್ತೇವಾ?

ಈ ಎರಡು ದಾರಿಯಲ್ಲಿ ಯಾವುದು ದೊಡ್ಡದು ಅಂತ ತೂಗಿ ನೋಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಯಾಕೆಂದರೆ ಅದು ಇಸ್ಪೀಟಿನ ಪ್ರಯೋಗ. ನಮ್ಮೂರ ಅರಳಿಕಟ್ಟೆಯಲ್ಲಿ ಮಾಡಿದ್ದರೆ ಜನ ಸಾಲು ನಿಲ್ಲುತ್ತಿದ್ದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲಿಯಟ್ ಡಿಕ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ನಡೆಸಿ 1987ರಲ್ಲಿ ಪ್ರಕಟಿಸಿದ್ದು. ನೆಗಡಿ ತರುವ ರೈನೋವೈರಸ್ ತಗಲಿದ ಗಂಡಸರನ್ನೂ ಆರೋಗ್ಯವಾಗಿದ್ದವರನ್ನೂ ಒಂದೇ ಮೇಜಿಗೆ ಕೂರಿಸಿ 12 ಗಂಟೆ ಇಸ್ಪೀಟು ಆಡಿಸಿದರು. ಆರೋಗ್ಯವಾಗಿದ್ದವರಲ್ಲಿ ಅರ್ಧ ಜನ ತಮ್ಮ ಮುಖ ಮುಟ್ಟಿಕೊಳ್ಳಲು ಆಗದ ಹಾಗೆ ಕೈಗೆ ಪಟ್ಟಿ ಕಟ್ಟಿದ್ದರು, ಇಲ್ಲವೇ ಕುತ್ತಿಗೆಗೆ ಅಗಲವಾದ ಪ್ಲಾಸ್ಟಿಕ್ ಕಾಲರ್ ಹಾಕಿದ್ದರು. ಮೂಗು ತುರಿಸಿದರೂ ಕೆರೆದುಕೊಳ್ಳುವ ಹಾಗಿಲ್ಲ, ಪಾಪ. ಇನ್ನರ್ಧ ಜನ ಆರಾಮಾಗಿ ಮುಖ ಮುಟ್ಟಿಕೊಳ್ಳಬಹುದಿತ್ತು.

ಮೂರು ಸಲ ಆಡಿಸಿದರು. ಮುಖ ಮುಟ್ಟಲಾಗದ 18 ಜನರಲ್ಲಿ 10 ಜನಕ್ಕೆ ಸೋಂಕು ಬಂತು. ಮುಟ್ಟಬಹುದಾಗಿದ್ದ 18 ಜನರಲ್ಲಿ 12 ಜನಕ್ಕೆ ಬಂತು. ದೊಡ್ಡ ವ್ಯತ್ಯಾಸವೇ ಇಲ್ಲ. ನಾಲ್ಕನೇ ಸಲ ಇನ್ನೂ ಚೆನ್ನಾಗಿದೆ. ನೆಗಡಿಯ ಎಂಟು ಜನ 12 ಗಂಟೆ ಆಡಿ, ಸೀನಿ, ಒರೆಸಿ ಜಿಗುಟಾದ ಇಸ್ಪೀಟು ಎಲೆಗಳನ್ನು ಇನ್ನೊಂದು ಕೋಣೆಯ ಆರೋಗ್ಯವಂತರಿಗೆ ಕೊಟ್ಟರು. ಅಲ್ಲಿ 12 ಜನ ಆ ಎಲೆಗಳಲ್ಲಿ ಆಡಿದರು. ಒಬ್ಬರಿಗೂ ನೆಗಡಿ ಬರಲಿಲ್ಲ. ಒಬ್ಬರಿಗೂ!

ಇಲ್ಲಿಗೆ ನಿಲ್ಲಿಸಿದರೆ ನಾನು ಪೂರ್ತಿ ಸತ್ಯ ಹೇಳಿದ ಹಾಗಾಗುವುದಿಲ್ಲ. ವಿಜ್ಞಾನಿಗಳಲ್ಲೇ ಈ ಜಗಳ ಹಳೆಯದು. ವರ್ಜೀನಿಯಾದ ಗ್ವಾಲ್ಟ್ನಿ ಮತ್ತು ಹೆಂಡ್ಲಿ ಎಂಬ ವೈದ್ಯರು ಇದೇ ರೈನೋವೈರಸ್ ಕೈಯಿಂದ ಕೈಗೆ ಹೋಗುತ್ತದೆ ಅಂತ 1970ರ ದಶಕದಲ್ಲೇ ತೋರಿಸಿದ್ದರು. ಅವರ ಪ್ರಯೋಗದಲ್ಲಿ ನೆಗಡಿಯವರ ಕೈ ಮುಟ್ಟಿ, ಕೂಡಲೇ ತಮ್ಮ ಮೂಗು ಕಣ್ಣು ಮುಟ್ಟಿಕೊಂಡ 15 ಜನರಲ್ಲಿ 11 ಜನಕ್ಕೆ ಸೋಂಕು ತಗಲಿತು. ಹಸಿ ಸಿಂಬಳ, ಹಸಿ ಕೈ, ತಕ್ಷಣ ಮೂಗು. ಕೊಡ ಸೋರುವುದಕ್ಕೆ ಅಲ್ಲಿ ಪುರುಸೊತ್ತೇ ಇಲ್ಲ.

ಎಳೆ ಕೂಸುಗಳ ಎದೆಗಟ್ಟುವ ಆರ್‌ಎಸ್‌ವಿ ಎಂಬ ವೈರಸ್ಸಿನದು ಇನ್ನೊಂದು ಕತೆ. ರಾಚೆಸ್ಟರ್‌ನ ಮಕ್ಕಳ ವೈದ್ಯೆ ಕ್ಯಾರೋಲಿನ್ ಬ್ರೀಸ್ ಹಾಲ್ 1981ರಲ್ಲಿ ಒಂದು ಸರಳವಾದ ಪರೀಕ್ಷೆ ಮಾಡಿದರು. ಕಾಯಿಲೆಯ ಕೂಸನ್ನು ಎತ್ತಿಕೊಂಡು ಆಡಿಸಿದ 7 ಜನರಲ್ಲಿ 5 ಜನಕ್ಕೆ ಸೋಂಕು ಬಂತು. ಕೂಸನ್ನು ಮುಟ್ಟದೆ ಅದರ ತೊಟ್ಟಿಲು, ಆಟಿಕೆಗಳನ್ನು ಮುಟ್ಟಿ ನಂತರ ಮುಖ ಮುಟ್ಟಿಕೊಂಡ 10 ಜನರಲ್ಲಿ 4 ಜನಕ್ಕೆ ಬಂತು. ಸುಮಾರು ಎರಡು ಮೀಟರ್ ಆಚೆ ಸುಮ್ನೆ ಕೂತಿದ್ದ 14 ಜನರಲ್ಲಿ ಯಾರಿಗೂ ಬರಲಿಲ್ಲ. ಹಾಗಾಗಿ ಅಂಗನವಾಡಿಯಲ್ಲಿ ಮಗುವಿನ ಸಿಂಬಳ ಒರೆಸುವ ಟೀಚರಮ್ಮ ಕೈ ತೊಳೆಯಲೇಬೇಕು. ಮಕ್ಕಳು ಬಾಯಿಗೆ ಹಾಕುವ ಆಟಿಕೆಯನ್ನು ಸೋಪು ನೀರಲ್ಲಿ ತೊಳೆಯಲೇಬೇಕು. ಇದನ್ನು ಬಿಡಿ ಅಂತ ನಾನು ಎಲ್ಲೂ ಹೇಳುತ್ತಿಲ್ಲ.

ಹಾಗಾದರೆ ಮುಟ್ಟುವುದರಿಂದ ಬರುತ್ತದಾ ಇಲ್ಲವಾ? ಬರಬಹುದು. ವೈರಸ್ ಯಾವುದು, ಹಸಿಯೋ ಒಣಗಿದ್ದೋ, ಎಷ್ಟು ಬೇಗ ಮೂಗಿಗೆ ಹೋಯಿತು ಅನ್ನುವುದರ ಮೇಲೆ ಇದೆ. ಕೊರೊನಾದ ಮಟ್ಟಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಒಂದು ಅಂದಾಜು ಕೊಟ್ಟಿತು. ವೈರಸ್ ಇರುವ ವಸ್ತುವನ್ನೇ ಮುಟ್ಟಿದರೂ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆ. ಇನ್ನು ಗಾಳಿಯ ಕಡೆ ನೋಡಿ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ 61 ಜನರ ಹಾಡಿನ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಒಬ್ಬರಿಗೆ ನೆಗಡಿಯಂಥ ಲಕ್ಷಣ ಇತ್ತು. ಕೊನೆಗೆ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಅದನ್ನು ಓದಿದಾಗ ನನಗೆ ನೆನಪಾದದ್ದು ಧನುರ್ಮಾಸದ ಭಜನೆ. ಚಳಿ ಅಂತ ಗುಡಿಯ ಬಾಗಿಲು ಮುಂದೆ ಮಾಡಿಕೊಂಡು ಗಂಟಲು ಬಿಚ್ಚಿ ಹಾಡುತ್ತೇವಲ್ಲ, ಅದು.

ದೊಡ್ಡವರೂ ತಪ್ಪಿದ್ದಾರೆ. ಕೊರೊನಾ ಗಾಳಿಯಲ್ಲಿ ಹರಡುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 28ರಂದು ಸಾರಿ ಹೇಳಿತ್ತು. ಜುಲೈನಲ್ಲಿ 239 ವಿಜ್ಞಾನಿಗಳು, ನಾನು ಈಗ ಬರೆಯುತ್ತಿರುವ ಹಾಗೇ, ಒಂದು ಬಹಿರಂಗ ಪತ್ರ ಬರೆದು ಗಾಳಿಯ ದಾರಿಯನ್ನು ಒಪ್ಪಿಕೊಳ್ಳಿ ಅಂದರು. (ನನ್ನ ಪತ್ರಕ್ಕೆ ಅಷ್ಟು ಸಹಿ ಇಲ್ಲ. ನಮ್ಮತ್ತೆಯದೊಂದು ಹಾಕಿಸಬಹುದು.) ನಮ್ಮ ದೇಶದಲ್ಲಿ 2020ರ ಏಪ್ರಿಲ್‌ನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಜನರ ಮೈಮೇಲೆ ಔಷಧಿ ಸಿಂಪಡಿಸಬೇಡಿ, ಅದು ಹಾನಿ ಅಂತ ಹೇಳಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಿಂಪಡಣೆ ಸುರಂಗಗಳನ್ನು ನಿಷೇಧಿಸಲು ಸರ್ಕಾರಕ್ಕೆ ಸೂಚಿಸಿತು. 2021ರ ಮೇ ತಿಂಗಳಲ್ಲಿ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ, ಸಣ್ಣ ಕಣಗಳು ಗಾಳಿಯಲ್ಲಿ 10 ಮೀಟರ್ ತನಕ ಹೋಗಬಲ್ಲವು, ಕಿಟಕಿ ಬಾಗಿಲು ತೆಗೆದಿಡಿ ಅಂತ ಚಿತ್ರ ಬರೆದು ತೋರಿಸಿತು. ಇಷ್ಟೆಲ್ಲ ಆಗಿಯೂ ಹಳ್ಳಿ ಶಾಲೆಗೆ ಬಂದು ಉಳಿದದ್ದು ಬಕೆಟ್ಟು ಮತ್ತು ಬಟ್ಟೆ.

ಯಾಕೆ ಅಂತ ನಾನು ಯೋಚಿಸಿದ್ದೇನೆ. ಒರೆಸುವುದು ಕಣ್ಣಿಗೆ ಕಾಣುತ್ತದೆ. ಫೋಟೊ ತೆಗೆಯಬಹುದು, ಬಿಲ್ಲು ಮಾಡಬಹುದು. ಗಾಳಿ ಆಡಿತು ಅಂತ ಯಾವ ರಿಜಿಸ್ಟರಿನಲ್ಲಿ ಬರೆಯುತ್ತೀರಿ?

ಇನ್ನೊಂದು ಕಾರಣವೂ ಇದೆ. ಹೇಳಲು ಸ್ವಲ್ಪ ಕಷ್ಟ. ನಮ್ಮ ಕಡೆ ಮುಟ್ಟುವುದು ಬರೀ ವೈರಸ್ಸಿನ ವಿಷಯವಾಗಿ ಯಾವತ್ತೂ ಇರಲಿಲ್ಲ. ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟ ಕಾಲವನ್ನು ಕೋಲಾರ, ಚಿಕ್ಕಬಳ್ಳಾಪುರದ ಹಿರಿಯರು ಕಂಡಿದ್ದಾರೆ, ಉಂಡಿದ್ದಾರೆ. ಕಾಯಿಲೆ ಬಂದಾಗ ಆ ಹಳೇ ಚಾಳಿ ಹೊಸ ವೇಷ ಹಾಕಿಕೊಂಡು ಬರುತ್ತದೆ. 2020ರಲ್ಲಿ ಬೆಂಗಳೂರಿನಿಂದ ಊರಿಗೆ ವಾಪಸ್ ಬಂದ ಒಂದು ಮನೆಯವರ ಕೈಯಿಂದ ಅಂಗಡಿಯಲ್ಲಿ ದುಡ್ಡು ಇಸಿದುಕೊಳ್ಳಲಿಲ್ಲ. ನೆಲದ ಮೇಲೆ ಇಡಿ ಅಂದರು. ನಾನೂ ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಆ ತಿಂಗಳೇ ಅದೇ ಬೀದಿಯಲ್ಲಿ ಬಾಗಿಲು ಹಾಕಿಕೊಂಡು ಸಣ್ಣ ಹಾಲ್‌ನಲ್ಲಿ ಒಂದು ನಿಶ್ಚಿತಾರ್ಥ ನಡೆಯಿತು. ಅಂಗಡಿಯವರೂ ಇದ್ದರು, ನಾನೂ ಇದ್ದೆ. ನಮ್ಮ ನಮ್ಮವರ ಉಸಿರಿಗೆ ನಾವು ಹೆದರಲಿಲ್ಲ, ಆ ಮನೆಯವರ ನೋಟಿಗೆ ಹೆದರಿದೆವು.

ಕ್ಷಯದ ವಿಷಯದಲ್ಲೂ ಇದೇ ಆಗುತ್ತಿದೆ. ಟಿಬಿ ಅಂತ ಗೊತ್ತಾದ ಕೂಡಲೇ ತಟ್ಟೆ ಲೋಟ ಬೇರೆ ಆಗುತ್ತದೆ. ಸೊಸೆಯಾದರೆ ತವರಿಗೇ ಹೋಗಬೇಕು. ಟಿಬಿ ತಟ್ಟೆಯಿಂದ ಬರುವುದಿಲ್ಲ, ಗಾಳಿಯಿಂದ ಬರುತ್ತದೆ. ತಟ್ಟೆ ಬೇರೆ ಮಾಡಿ, ಅದೇ ರೋಗಿಯನ್ನು ಕಿಟಕಿ ಇಲ್ಲದ ಕೋಣೆಯಲ್ಲಿ ಮಲಗಿಸುತ್ತೇವೆ. ಅವಮಾನವೂ ಆಯಿತು, ರೋಗವೂ ನಿಲ್ಲಲಿಲ್ಲ.

ಈಗ ಶಾಲೆಗೆ ವಾಪಸ್ ಬರುತ್ತೇನೆ. ಕಿಟಕಿ ತೆಗೆಯಿರಿ ಅನ್ನುವುದು ಸುಲಭ. ಯಾಕೆ ಮುಚ್ಚಿದ್ದಾರೆ ಅಂತ ಕೇಳಿದರೆ ಮೇಷ್ಟ್ರು ಕೊಡುವ ಕಾರಣಗಳೆಲ್ಲ ನಿಜವೇ. ಸೊಳ್ಳೆ. ಕೋತಿ ಬಂದು ಊಟದ ಡಬ್ಬಿ ಎತ್ತಿಕೊಂಡು ಹೋಗುತ್ತದೆ. ಪುಷ್ಯದ ಚಳಿ. ಕೀಲು ಮುರಿದ ಕದ ಗಾಳಿಗೆ ಬಡಿದುಕೊಳ್ಳುತ್ತದೆ. ಕೆಲವು ಕೋಣೆಗಳಿಗೆ ಒಂದೇ ಗೋಡೆಯಲ್ಲಿ ಕಿಟಕಿ. ಮೇಲಿನ ಗವಾಕ್ಷಿಗೆ ಪಾರಿವಾಳ ಬರುತ್ತವೆ ಅಂತ ಇಟ್ಟಿಗೆ ತುಂಬಿದ್ದಾರೆ. ಇದು ಬಯ್ದರೆ ಸರಿಹೋಗುವ ಸಂಗತಿಯಲ್ಲ. ಬಡಗಿ, ಗಾರೆಯವರು, ಒಂದಿಷ್ಟು ದುಡ್ಡು ಬೇಕು.

ಇಲ್ಲಿ ಮತ್ತೆ ನಮ್ಮ ಹುಳು ಮನೆಯನ್ನೇ ನೋಡಿ. 1980ರ ಹೊತ್ತಿಗೆ ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂತು. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಬೆಳೆಯನ್ನೇ ಹಾಳು ಮಾಡುವ ನೊಣ. ಅದಕ್ಕೆ ಹೆದರಿ ನಾವು ಕಿಟಕಿ ಮುಚ್ಚಿದೆವಾ? ಮುಚ್ಚುವ ಹಾಗಿಲ್ಲ. ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಕಳಚಿದ) ಹುಳು ರಾಶಿ ರಾಶಿ ಸೊಪ್ಪು ತಿನ್ನುತ್ತದೆ. ಅದರ ಉಸಿರು, ಹಿಕ್ಕೆ, ಸೊಪ್ಪಿನ ತೇವ ಎಲ್ಲ ಸೇರಿ ಕೋಣೆ ಬಿಸಿಯಾಗುತ್ತದೆ. ಗಾಳಿ ಆಡದಿದ್ದರೆ ಹುಳು ಸಪ್ಪೆಯಾಗುತ್ತವೆ. ಅದಕ್ಕೇ ಎದುರುಬದುರು ಕಿಟಕಿ ಇಟ್ಟು, ಅವಕ್ಕೆ ನೈಲಾನ್ ಪರದೆ ಬಡಿದೆವು. ನೊಣ ಆಚೆ, ಗಾಳಿ ಒಳಗೆ. ಅದೇ ಪರದೆ ಸೊಳ್ಳೆಗೂ ಆಗುತ್ತದೆ. ಕೋತಿಗೆ ಬೇಕಾದರೆ ಆಚೆ ಕಡೆಯಿಂದ ಕಬ್ಬಿಣದ ಜಾಲರಿ. ಈ ಕೆಲಸ ಬಲ್ಲವರು ಶಿಡ್ಲಘಟ್ಟದ ಪ್ರತಿ ಊರಿನಲ್ಲೂ ಇದ್ದಾರೆ. ಹುಳು ಮನೆ ಕಟ್ಟಲು ಇಲಾಖೆ ಸಹಾಯಧನ ಕೊಡುವಾಗ ಗಾಳಿ ಬೆಳಕನ್ನೂ ನೋಡುತ್ತದೆ. ಮಕ್ಕಳ ಕೋಣೆಗೂ ಅಷ್ಟನ್ನು ನೋಡಲಿ ಅಂತ ಕೇಳುವುದು ಜಾಸ್ತಿ ಆಯ್ತಾ?

ನನ್ನ ಬೇಡಿಕೆ ಇದು. ಸ್ಪ್ರೇಯರ್, ಕ್ಯಾನುಗಟ್ಟಲೆ ದ್ರಾವಣ, ಸ್ಯಾನಿಟೈಜರ್ ಅಂತ ಹೋಗುವ ಹಣವನ್ನು ಈ ವರ್ಷ ಕಿಟಕಿಗೆ ಕೊಡಿ. ಮೊದಲು ಒಂದು ತಾಲ್ಲೂಕಿನಲ್ಲಾದರೂ ಪ್ರತಿ ಶಾಲೆ, ಪ್ರತಿ ಅಂಗನವಾಡಿಯಲ್ಲಿ ಎಷ್ಟು ಕಿಟಕಿ ತೆಗೆಯುತ್ತವೆ, ಎಷ್ಟು ತೆಗೆಯುವುದಿಲ್ಲ ಅಂತ ಎಣಿಸಿ ಬರೆಸಿ. ಇಟ್ಟಿಗೆ ತುಂಬಿದ ಗವಾಕ್ಷಿ ಬಿಚ್ಚಿಸಿ ಜಾಲರಿ ಹಾಕಿಸಿ. ಒಂದೇ ಕಡೆ ಕಿಟಕಿ ಇರುವ ಕೋಣೆಗೆ ಎದುರು ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಸೀಲಿಂಗ್ ಫ್ಯಾನ್ ಇದೆಯಲ್ಲ ಅನ್ನಬೇಡಿ. ಕಿಟಕಿ ಮುಚ್ಚಿದ್ದರೆ ಅದು ಇದ್ದ ಗಾಳಿಯನ್ನೇ ಕಲಕುತ್ತದೆ, ಅಷ್ಟೇ.

ಚಳಿಗೆ ಎಲ್ಲವನ್ನೂ ಪೂರ್ತಿ ತೆಗೆಯಬೇಕಾಗಿಲ್ಲ. ಎದುರುಬದುರು ಒಂದೊಂದು ಗೇಣು ತೆಗೆದರೂ ಗಾಳಿ ಹರಿಯುತ್ತದೆ. ಪೀರಿಯಡ್ ಮುಗಿದಾಗ ಐದು ನಿಮಿಷ ಪೂರ್ತಿ ತೆಗೆದರೆ ಇನ್ನೂ ಒಳ್ಳೆಯದು. ಬಿಸಿಲೇರಿದ ಮೇಲೆ ಹೊಂಗೆ ಮರದ ಕೆಳಗೆ ಪಾಠ ಮಾಡಿದರೆ ಯಾರೂ ಬೇಡ ಅನ್ನುವುದಿಲ್ಲ, ಮಕ್ಕಳಂತೂ ಕುಣಿಯುತ್ತಾರೆ. ಗಾಳಿ ಸಾಲದು ಅಂತ ತೋರಿಸುವ ಯಂತ್ರವೂ ಇದೆ, ಕಾರ್ಬನ್ ಡೈ ಆಕ್ಸೈಡ್ ಮೀಟರ್. ಬಯಲಿನಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಗೆ 420 ಭಾಗ, ತೋರಿಸುತ್ತದೆ. ಮುಚ್ಚಿದ ತುಂಬಿದ ಕೋಣೆಯಲ್ಲಿ ಸಾವಿರ ದಾಟಿ, ಎರಡು ಸಾವಿರವನ್ನೂ ಮೀರುತ್ತದೆ. ಅಂದರೆ ಮಕ್ಕಳು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅಂತ. ತಾಲ್ಲೂಕಿಗೆ ಒಂದು ಮೀಟರ್ ಕೊಂಡು ಶಾಲೆಯಿಂದ ಶಾಲೆಗೆ ಕಳಿಸಿದರೂ ಸಾಕು. ಐದನೇ ಕ್ಲಾಸಿನ ಮಕ್ಕಳೇ ಅದನ್ನು ಓದಿ, ಗೋಡೆಯ ಮೇಲೆ ಬರೆದು, ಕಿಟಕಿ ತೆಗೆದು, ಮತ್ತೆ ಓದಲಿ. ವಿಜ್ಞಾನದ ಪಾಠವೂ ಆಯಿತು.

ಕೆಮ್ಮುವ ಮಗು ಎರಡು ದಿನ ಮನೆಯಲ್ಲಿರಲಿ. ಹಾಜರಿ ಕಡಿಮೆಯಾಯಿತು ಅಂತ ಮೇಷ್ಟ್ರನ್ನು ಮೇಲಿನವರು ಕೇಳುವುದು ನಿಂತರೆ ಮೇಷ್ಟ್ರೂ ಮಗುವನ್ನು ಕರೆಸುವುದಿಲ್ಲ. ಬರಲೇಬೇಕಾದರೆ ಮಾಸ್ಕ್ ಹಾಕಿಕೊಂಡು ಕಿಟಕಿ ಪಕ್ಕ ಕೂರಲಿ.

ಕೈ ತೊಳೆಯುವುದನ್ನು ಬಿಡಬೇಡಿ, ಇದನ್ನು ಎರಡು ಸಲ ಹೇಳುತ್ತೇನೆ. ಬಿಸಿಯೂಟಕ್ಕೆ ಮೊದಲು, ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಸೋಪು, ಹರಿಯುವ ನೀರು. ಕೈ ತೊಳೆಯುವುದರಿಂದ ಉಸಿರಾಟದ ಕಾಯಿಲೆಗಳು ಸುಮಾರು ಶೇ 16ರಷ್ಟು ಕಡಿಮೆಯಾಗುತ್ತವೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2006ರ ಒಂದು ಪರಿಶೀಲನೆ ಹೇಳಿತು. ವಾಂತಿ ಭೇದಿ ಅದರ ಎರಡರಷ್ಟು, ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ವಾಂತಿ ಭೇದಿಯ ಕೆಲವು ವೈರಸ್ಸುಗಳು ಸ್ಯಾನಿಟೈಜರ್‌ಗೆ ಅಷ್ಟಾಗಿ ಬಗ್ಗುವುದೂ ಇಲ್ಲ, ಸೋಪೇ ಬೇಕು. ಆದ್ದರಿಂದ ಅಪ್ಪ ಅಮ್ಮಂದಿರ ಹತ್ತಿರ ಸ್ಯಾನಿಟೈಜರ್ ತರಿಸುವ ಬದಲು ನಲ್ಲಿ ರಿಪೇರಿ ಮಾಡಿಸಿ. ನಮ್ಮ ಬೋರ್‌ವೆಲ್‌ಗಳ ಕತೆ ನಿಮಗೇ ಗೊತ್ತು. ಅಂಥ ನೀರನ್ನು ಬೆಂಚಿಗೆ ಸುರಿಯುವ ಬದಲು ಕೈಗೆ ಹಾಕೋಣ.

ಶೌಚಾಲಯಕ್ಕೆ, ವಾಂತಿ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಇರಲಿ. ಆದರೆ ದೊಡ್ಡವರು ಮಾಡಲಿ, ಕಿಟಕಿ ಬಾಗಿಲು ತೆಗೆದು ಮಾಡಲಿ. ಮೊದಲು ಕೊಳೆ ತೊಳೆದು ಆಮೇಲೆ ಹಾಕಲಿ. ಕೊಳೆಯ ಮೇಲೆ ಹಾಕಿದರೆ ಕ್ಲೋರಿನ್ ಕೊಳೆಗೇ ಖರ್ಚಾಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಯಾವ ಕಾರಣಕ್ಕೂ ಬೆರೆಸಬಾರದು. ಬೆರೆಸಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಎದೆ ಸುಡುತ್ತದೆ. ಇದನ್ನು ಪ್ರತಿ ಶಾಲೆಯ ಆಯಾಗೂ ಒಮ್ಮೆ ಬಾಯಲ್ಲಿ ಹೇಳಿಸಿ. ಸುತ್ತೋಲೆ ಕಳಿಸಿದರೆ ಅದು ಫೈಲಿನಲ್ಲಿ ಕೂರುತ್ತದೆ.

ನಮ್ಮತ್ತೆಗೆ ಈ ಪತ್ರ ಓದಿ ಹೇಳಿದೆ. ಪೂರ್ತಿ ಕೇಳಿ, "ಹುಳುಗೆ ಗಾಳಿ ಬೇಕು ಅಂತ ಗೊತ್ತಿರೋ ಊರಲ್ಲಿ ಮಕ್ಕಳಿಗೆ ಬೇಕು ಅಂತ ಕಾಗದ ಬರೀಬೇಕಾ?" ಅಂದರು. ಆಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡು ಹುಳುವಿಗೆ ಸೊಪ್ಪು ಹಾಕಲು ಹೋದರು.

ಒಮ್ಮೆ ನಮ್ಮ ಕಡೆ ಬನ್ನಿ. ಮೊದಲು ಯಾವುದಾದರೂ ಹುಳು ಮನೆಯಲ್ಲಿ ಹತ್ತು ನಿಮಿಷ ನಿಲ್ಲಿ, ಆಮೇಲೆ ಪಕ್ಕದ ಶಾಲೆಯ ಒಂದು ಕೋಣೆಯಲ್ಲಿ ಹತ್ತು ನಿಮಿಷ ನಿಲ್ಲಿ. ಬರುವ ಮೊದಲು ಒಂದು ಫೋನ್ ಮಾಡಿಸಿ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ ಬಂದರೆ ಸಾಹೇಬರಿಗೆ ಕಾಫಿ ಕೊಡುವುದಕ್ಕೂ ನಮಗೆ ಪುರುಸೊತ್ತು ಇರುವುದಿಲ್ಲ.

ಇಂತಿ,
ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ರೇಷ್ಮೆ ಬೆಳೆಗಾರಳು, ಎಸ್‌ಡಿಎಂಸಿ ಸದಸ್ಯೆ